ಬಾಲರಾಜು ಅಳದೆ ನಿಂತದ್ದು

ಬಾಲರಾಜು ಮಾಗಡಿಯ ಬಸ್ ನಿಲ್ದಾಣದಲ್ಲಿ ಇಳಿದರೆ ಜನ ಅವನಿಗೆ ನಮಸ್ಕಾರ ಹೇಳುವುದಿಲ್ಲ, ಅಳುತ್ತಾರೆ. ಹೂವಿನವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಎದೆ ಬಡಿದುಕೊಳ್ಳುತ್ತಾಳೆ. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ‘ನನ್ನ ದೊರೆಯೇ, ಎಲ್ಲಿಗೆ ಹೊಂಟ್ಯೋ’ ಎಂದು ರಾಗ ಎಳೆಯುತ್ತಾನೆ. ಬಾಲರಾಜು ಕೈಯೆತ್ತಿ, ನಕ್ಕು, ಮುಂದೆ ಹೋಗಬೇಕು. ನಗದೆ ಹೋದರೆ ‘ಟೀವೀಲಿ ಬಂದ್ಮೇಲೆ ಕೊಬ್ಬು ಜಾಸ್ತಿ ಆಗೈತೆ’ ಎಂಬ ಮಾತು ಅವನಿಗಿಂತ ಮೊದಲೇ ಊರು ತಲುಪುತ್ತದೆ. ಇಪ್ಪತ್ತಾರು ವರ್ಷಗಳ ನಟನೆ, ಅರವತ್ತಮೂರು ಸಿನಿಮಾ, ನಾಲ್ಕು ಧಾರಾವಾಹಿ, ಒಂದು ಹಾಸ್ಯ ಕಾರ್ಯಕ್ರಮದ ನೂರ ಹನ್ನೆರಡು ಕಂತು. ಇಷ್ಟೆಲ್ಲದರಿಂದ ಅವನಿಗೆ ದಕ್ಕಿದ್ದು ‘ಗೋಳು ಬಾಲ’ ಎಂಬ ಒಂದು ಹೆಸರು.

ಆ ಗೋಳು ಅವನ ತಾಯಿ ದೊಡ್ಡಲಕ್ಷ್ಮಮ್ಮನದು.

ಗುಡೇಮಾರನಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆ ಸುದ್ದಿ ಹೋಗುವುದಕ್ಕೂ ಮುಂಚೆ ದೊಡ್ಡಲಕ್ಷ್ಮಮ್ಮನಿಗೆ ಹೋಗುತ್ತಿತ್ತು. ಆಕೆ ರಾಗಿ ಹೊಲದಲ್ಲಿದ್ದರೆ ಕುಡುಗೋಲು ಬದುವಿನ ಮೇಲಿಟ್ಟು ಬರುತ್ತಿದ್ದಳು. ಹೆಣದ ಕಾಲ ಬಳಿ ಕೂತು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಹಾಡಿಕೊಂಡು ಅಳಲು ತೊಡಗುತ್ತಿದ್ದಳು. ಅದಕ್ಕೆ ಯಾರೂ ಆಕೆಗೆ ಏನನ್ನೂ ಕೊಡುತ್ತಿರಲಿಲ್ಲ, ಆಕೆ ಕೇಳುತ್ತಲೂ ಇರಲಿಲ್ಲ. ಸತ್ತವರ ಹೊಲ, ದನ, ಚಟ, ಮುನಿಸು, ಮಾಡಿದ ಉಪಕಾರ, ತೀರದೆ ಉಳಿದ ಆಸೆ ಎಲ್ಲವೂ ಆಕೆಯ ಬಾಯಲ್ಲಿ ಸಾಲು ಸಾಲಾಗಿ ಬರುತ್ತಿದ್ದವು. ಆ ಅಳುವಿಗೆ ಎರಡು ಕಟ್ಟಳೆಗಳಿದ್ದವು. ಒಬ್ಬರಿಗೆ ಅತ್ತ ಮಾತನ್ನು ಇನ್ನೊಬ್ಬರಿಗೆ ಅಳಬಾರದು; ಅದು ಸತ್ತವರ ಜೊತೆ ಮಣ್ಣಿಗೆ ಹೋಗಬೇಕು. ಅಳುವವಳು ಬದುಕಿರುವ ಯಾರನ್ನಾದರೂ ಕರೆದು ದೂರಿದರೆ, ದೂರಿಸಿಕೊಂಡವನು ಎದುರು ಮಾತಾಡದೆ ನಿಂತು ಕೇಳಬೇಕು. ಹೆಂಡತಿಯನ್ನು ಹೊಡೆದ ಗಂಡ, ಅಣ್ಣನ ಪಾಲು ನುಂಗಿದ ತಮ್ಮ ಹೀಗೆ ಊರ ಮುಂದೆ ತಲೆ ತಗ್ಗಿಸಿ ನಿಂತದ್ದುಂಟು. ಅಳು ಮುಗಿದ ಮೇಲೆಯೇ ಗಂಡಸರು ಚಟ್ಟಕ್ಕೆ ಹೆಗಲು ಕೊಡುತ್ತಿದ್ದರು. ಹಾಡಿ ಕಳಿಸದ ಜೀವ ಹೊಸ್ತಿಲು ದಾಟುವುದಿಲ್ಲವೆಂದು ಹೆಂಗಸರು ನಂಬಿದ್ದರು.

ಬಾಲರಾಜುವಿಗೆ ಈ ವಿದ್ಯೆ ಬೇಕಾಗಿರಲಿಲ್ಲ. ಅವನಿಗೆ ನಾಟಕ ಬೇಕಿತ್ತು. ಊರ ನಾಟಕದಲ್ಲಿ ದೊರೆಯ ಪಾತ್ರಕ್ಕೆ ಎತ್ತರ ಸಾಲದು, ಮಂತ್ರಿಯ ಪಾತ್ರಕ್ಕೆ ಗಂಟಲು ಸಾಲದು ಎಂದು ಮೇಷ್ಟ್ರು ಅವನನ್ನು ವಿದೂಷಕನ ಪಾತ್ರಕ್ಕೆ ನೂಕಿದರು. ಅವನ ಕೆಳದುಟಿ ಸ್ವಲ್ಪ ಜೋತಿತ್ತು, ಹುಬ್ಬುಗಳು ನಡುವೆ ಮೇಲಕ್ಕೆದ್ದಿದ್ದವು. ಸುಮ್ಮನೆ ನಿಂತರೂ ಏನನ್ನೋ ಕಳೆದುಕೊಂಡವನಂತೆ ಕಾಣುತ್ತಿದ್ದ. ಅವನು ರಂಗಕ್ಕೆ ಬಂದು ಮಾತಾಡುವ ಮೊದಲೇ ಜನ ನಕ್ಕರು. ಆ ನಗು ಅವನ ತಲೆಗೇರಿತು. ಮದುವೆಗೆಂದು ಹೆಣ್ಣು ನೋಡಲು ಹೋದ ಎರಡು ಮನೆಗಳಲ್ಲೂ ಹುಡುಗಿಯರು ಅವನ ಮುಖ ಕಂಡು ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೋಡಿದಾಗ ಅದು ಇಳಿಯಿತು. ಮೂರನೆಯ ಮನೆಗೆ ಅವನು ಹೋಗಲಿಲ್ಲ. ತೊಂಬತ್ತೇಳರಲ್ಲಿ ಬೆಂಗಳೂರಿನ ಬಸ್ ಹತ್ತಿದ.

ಸಿನಿಮಾದವರಿಗೆ ಅವನ ಮುಖಕ್ಕಿಂತ ಹೆಚ್ಚಾಗಿ ಕೆನ್ನೆ ಹಿಡಿಸಿತು. ನಾಯಕನ ಕೈಗೆ ಸಿಕ್ಕಿ ಏಟು ತಿಂದು ಆ ಮುಖ ಮಾಡುವುದೇ ಅವನ ಪಾತ್ರವಾಯಿತು. ಎರಡನೆಯ ಸಿನಿಮಾದ ಚಿತ್ರೀಕರಣ ರಾಮನಗರದ ಬಂಡೆಗಳ ನಡುವೆ ನಡೆಯಿತು. ಒಂದೇ ಕಪಾಳಮೋಕ್ಷವನ್ನು ಹದಿನೇಳು ಸಲ ತೆಗೆದರು. ಹದಿಮೂರನೆಯದಕ್ಕೆ ಎಡಗಿವಿಯಲ್ಲಿ ಏನೋ ಹರಿದಂತಾಗಿ ಶಬ್ದ ನಿಂತುಹೋಯಿತು.

“ಸಾರ್, ಈ ಕಿವಿ ಕೇಳಿಸ್ತಾ ಇಲ್ಲ,” ಎಂದ ಬಾಲರಾಜು.

“ಇನ್ನೊಂದು ಐತಲ್ಲ ಕಣಯ್ಯ. ಆ ಕಡೆಯಿಂದ ಕೇಳಿಸ್ಕೊ, ರೆಡಿ,” ಎಂದ ಸಹಾಯಕ ನಿರ್ದೇಶಕ. ಇಡೀ ತಂಡ ನಕ್ಕಿತು.

ಅಂದು ಅವನ ಊದಿದ ಕೆನ್ನೆಗೆ ಬಣ್ಣ ಹಚ್ಚಿದವನು ಚನ್ನಪಟ್ಟಣದ ಶುಕೂರ್. ಶುಕೂರ್ ಮೊದಲು ಮರದ ಬೊಂಬೆಗಳಿಗೆ ಕಣ್ಣು ಬರೆಯುತ್ತಿದ್ದ. ಆಮೇಲೆ ಮನುಷ್ಯರ ಮುಖಕ್ಕೆ ಬಡ್ತಿ ಪಡೆದಿದ್ದ. “ಬೊಂಬೆ ಆಗಿದ್ರೆ ಅರಗು ಹಚ್ಚಿ ತಿಕ್ಕಿಬಿಡ್ತಿದ್ದೆ ಬಾಲಣ್ಣ. ನಿಂದು ತೊಗಲು. ಏನ್ ಮಾಡ್ಲಿ,” ಎಂದು ತಣ್ಣೀರಿನ ಬಟ್ಟೆ ಒತ್ತಿದ. ಸಿನಿಮಾ ಕೊಟ್ಟ ಸ್ನೇಹಗಳಲ್ಲಿ ಬಾಲರಾಜುವಿನ ಬಳಿ ಉಳಿದದ್ದು ಅದೊಂದೇ.

ಎರಡು ಸಾವಿರದ ಹದಿನಾರರ ಹೊತ್ತಿಗೆ ಅವನಿಗೆ ನಲವತ್ತೆರಡು. ಏಟು ತಿನ್ನಲು ಹೊಸ ಕೆನ್ನೆಗಳು ಬಂದಿದ್ದವು. ಆಗ ಒಂದು ಹಾಸ್ಯ ಕಾರ್ಯಕ್ರಮದ ನಿರ್ದೇಶಕ ನರೇಂದ್ರ ಅವನನ್ನು ಪರೀಕ್ಷೆಗೆ ಕರೆದ. ಬಾಲರಾಜು ತನಗೆ ಗೊತ್ತಿದ್ದ ಕುಡುಕನನ್ನೂ ಪೆದ್ದ ಪೊಲೀಸನನ್ನೂ ಮಾಡಿ ತೋರಿಸಿದ. ನರೇಂದ್ರ ಆಕಳಿಸಿದ.

“ಇದನ್ನೆಲ್ಲ ಎಲ್ರೂ ಮಾಡ್ತಾರೆ ಬಾಲರಾಜು. ನಿಮ್ಮೂರಲ್ಲಿ ಯಾರೂ ವಿಚಿತ್ರದವರು ಇಲ್ವಾ? ನಿಮ್ಮನೆಯಲ್ಲಿ?”

ಹೊರಗೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು. ಮೇಜಿನ ಮೇಲೆ ನರೇಂದ್ರನ ಫೋನ್ ಚಾರ್ಜ್ ಮುಗಿದು ಸತ್ತು ಬಿದ್ದಿತ್ತು. ಬಾಲರಾಜು ಕುರ್ಚಿಯ ಮೇಲಿದ್ದ ಟವೆಲನ್ನು ತಲೆಗೆ ಹೊದ್ದು ಆ ಫೋನಿನ ಮುಂದೆ ಕೂತ. ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ತಾಯಿಯ ರಾಗದಲ್ಲಿ, ತಾಯಿಯ ಉಸಿರಿನಲ್ಲಿ, ತಾಯಿಯಂತೆಯೇ ಎಡಕ್ಕೆ ವಾಲಿ, ಅತ್ತ. ನರೇಂದ್ರ ಮೇಜಿಗೆ ಹಣೆ ಹಚ್ಚಿ ನಕ್ಕ. ಹೊರಗಿದ್ದ ಹನ್ನೊಂದು ಜನ ಬಾಗಿಲು ತೆರೆದು ನೋಡಿ ನಕ್ಕರು. ಅವರನ್ನು ಮನೆಗೆ ಕಳಿಸಲಾಯಿತು.

ಹೀಗೆ ಹುಟ್ಟಿದ್ದು ‘ಲಕ್ಕಜ್ಜಿ’ ಎಂಬ ಪಾತ್ರ. ಪ್ರತಿ ವಾರ ಲಕ್ಕಜ್ಜಿ ಯಾವುದಾದರೊಂದು ವಸ್ತುವಿನ ಹೆಣದ ಮುಂದೆ ಅಳಬೇಕು. ಮಿಕ್ಸಿ, ರೇಷನ್ ಕಾರ್ಡು, ಬ್ರಾಯ್ಲರ್ ಕೋಳಿ, ಕುಕ್ಕರಿನ ಸೀಟಿ. ತೀರ್ಪುಗಾರರು ಕುರ್ಚಿಯಿಂದ ಜಾರಿದರು. ಬಾಲರಾಜು ತಾಯಿಯ ಹಳೆಯ ಹಸಿರು ಸೀರೆಯನ್ನೇ ಉಡುತ್ತಿದ್ದ. ಅದನ್ನು ಕೊಟ್ಟವಳು ತಾಯಿಯೇ. ಮೊದಲ ಕಂತನ್ನು ಊರಿಗೆ ಊರೇ ಅವರ ಮನೆಯ ಹಜಾರದಲ್ಲಿ ಕೂತು ನೋಡಿತು. ದೊಡ್ಡಲಕ್ಷ್ಮಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕು, “ನಂಗಿಂತ ಚೆನ್ನಾಗ್ ಅಳ್ತನಲ್ಲೇ, ಮುಂಡೇದು,” ಎಂದಳು.

ಆದರೆ ವಾರಕ್ಕೊಂದು ಅಳು ಹೊಸದಾಗಿ ಕಟ್ಟುವುದು ತಾಯಿಗೆ ಬರುತ್ತಿತ್ತು, ಮಗನಿಗೆ ಬರುತ್ತಿರಲಿಲ್ಲ. ಎಂಟನೆಯ ವಾರಕ್ಕೆ ಅವನ ಮಾತುಗಳು ಖಾಲಿಯಾದವು. ಆಗ ಅವನು ನೆನಪಿನಿಂದ ತೆಗೆದ.

ಎದುರು ಮನೆಯ ಮುನಿಯಪ್ಪ ತೀರಿಕೊಂಡದ್ದು ಎರಡು ಸಾವಿರದ ಒಂಬತ್ತರಲ್ಲಿ. ಮುನಿಯಪ್ಪನ ಒಂದು ಎತ್ತು ಸತ್ತು, ಉಳಿದದ್ದಕ್ಕೆ ಜೊತೆ ಹುಡುಕುತ್ತ ಅವನು ವರ್ಷವಿಡೀ ಸಂತೆಗಳನ್ನು ಸುತ್ತಿದ್ದ. ಸಿಗುವ ಮೊದಲೇ ಹೋಗಿಬಿಟ್ಟ. ಬೆಂಗಳೂರಿನಿಂದ ಮಣ್ಣಿಗೆ ಬಂದಿದ್ದ ಬಾಲರಾಜುವಿನ ಎದುರೇ ದೊಡ್ಡಲಕ್ಷ್ಮಮ್ಮ ಅವನಿಗೆ ಹೀಗೆ ಅತ್ತಿದ್ದಳು:

ಒಂಟಿ ಎತ್ತಿಗೆ ಜೋಡಿ ಹುಡುಕ್ತಾ ಸಂತೆ ಸಂತೆ ಅಲೆದೋನೇ,
ನಿನ್ ಜೋಡೀನ ಒಂಟಿ ಮಾಡಿ ಯಾವ ಸಂತೆಗೆ ಹೊಂಟ್ಯೋ.

ಒಂಬತ್ತನೆಯ ಕಂತಿನಲ್ಲಿ ಲಕ್ಕಜ್ಜಿ ಈ ಸಾಲನ್ನು ಕಿತ್ತುಹೋದ ಒಂದು ಹವಾಯಿ ಚಪ್ಪಲಿಗೆ ಅತ್ತಳು. ಕ್ಯಾಮೆರಾ ಜೋಡಿಯ ಇನ್ನೊಂದು ಚಪ್ಪಲಿಯನ್ನು ಹತ್ತಿರದಿಂದ ತೋರಿಸಿತು. ಇಡೀ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಜನ ನೋಡಿದ ಕಂತು ಅದೇ.

ಮುನಿಯಪ್ಪನ ಹೆಂಡತಿ ಮುನಿಯಮ್ಮ ಅದನ್ನು ನೋಡುತ್ತ ಅರ್ಧಕ್ಕೇ ಎದ್ದುಹೋದಳು. ಮರುದಿನ ಬೆಳಗ್ಗೆ ಬಂದು ಹೊಸ್ತಿಲ ಹೊರಗೆ ನಿಂತಳು.

“ಲಕ್ಷ್ಮಕ್ಕ, ನಿನ್ ಮಗ ನನ್ ಗಂಡನ್ನ ಚಪ್ಲಿ ಮಾಡ್ಬುಟ್ಟ.”

ದೊಡ್ಡಲಕ್ಷ್ಮಮ್ಮ ಆ ಹಗಲೇ ಮಗಳು ರಾಧಾಮಣಿಯಿಂದ ಬಾಲರಾಜುವಿಗೆ ಫೋನ್ ಮಾಡಿಸಿದಳು.

“ಅದ್ನ ನಿಲ್ಸು ಮಗ. ಅವ್ರ ಮಾತ್ನ ಅವ್ರಿಗೇ ಬುಟ್ಬುಡು.”

“ಹೆಸ್ರು ಹೇಳಿಲ್ಲ ಕಣವ್ವ. ಯಾರ್ಗ್ ಗೊತ್ತಾಯ್ತದೆ?”

“ಸತ್ತೋನ್ಗೆ ಗೊತ್ತಾಯ್ತದೆ.”

“ಅವ್ವ, ನಿನ್ ಅಳೂನ ಇವತ್ತು ಇಡೀ ಕರ್ನಾಟಕ ನೋಡ್ತೈತೆ. ನೀನು ಸತ್ರೂ ಇದು ಉಳೀತದೆ.”

“ಉಳಿಯಕ್ಕಲ್ಲ ಕಣ್ಲಾ ಅಳೋದು, ಕಳ್ಸಕ್ಕೆ,” ಎಂದು ಆಕೆ ಫೋನನ್ನು ಮಗಳ ಕೈಗೆ ಕೊಟ್ಟಳು.

ಬಾಲರಾಜು ನಿಲ್ಲಿಸಲಿಲ್ಲ. ಊರಿನ ಇನ್ನೂ ಹದಿನಾಲ್ಕು ಹೆಣಗಳ ಅಳು ಅವನ ನೆನಪಿನಲ್ಲಿತ್ತು, ಅವೆಲ್ಲವನ್ನೂ ಬಳಸಿದ. ಕಾರ್ಯಕ್ರಮದಲ್ಲಿ ಜೊತೆಗಿದ್ದವರೆಲ್ಲ ಒಬ್ಬೊಬ್ಬರಾಗಿ ಸೋತು ಮನೆಗೆ ಹೋಗುತ್ತಿದ್ದಾಗ ತಾನು ಉಳಿದಿದ್ದೇನೆಂಬುದೊಂದೇ ಅವನಿಗೆ ಕಾಣುತ್ತಿತ್ತು.

ಅದರ ಫಲ ಊರಿನಲ್ಲಿ ಮೊದಲು ಕಂಡದ್ದು ಮೇಲಿನ ಬೀದಿಯ ಮುದುಕನೊಬ್ಬ ಹೋದಾಗ. ದೊಡ್ಡಲಕ್ಷ್ಮಮ್ಮ ಎಂದಿನಂತೆ ಕಾಲ ಬಳಿ ಕೂತಳು. ಮೊದಲ ಸಾಲು ಎತ್ತುತ್ತಿದ್ದಂತೆ ಹಿಂದಿನಿಂದ ಯಾರೋ ಕಿಸಕ್ಕೆಂದರು. “ಲಕ್ಕಜ್ಜಿ ಬಂದ್ಲು ಕಣ್ರೋ,” ಎಂದಿತು ಒಂದು ದನಿ. ಮೂರು ಫೋನುಗಳು ಮೇಲೆದ್ದವು. ಸತ್ತವನ ಸೊಸೆಯೇ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ತಡೆಯಲಾಗದೆ ಒಳಗೆ ಹೋದಳು. ದೊಡ್ಡಲಕ್ಷ್ಮಮ್ಮ ಎರಡನೆಯ ಸಾಲಿನ ನಡುವೆ ನಿಲ್ಲಿಸಿ ಎದ್ದಳು. ಯಾರೂ ತಡೆಯಲಿಲ್ಲ. “ಬುಡು ಲಕ್ಷ್ಮಮ್ಮ, ಹುಡುಗ್ರು ನಗ್ತವೆ,” ಎಂದರು ಯಜಮಾನರು, ಆಕೆಗೆ ಉಪಕಾರ ಮಾಡುವವರಂತೆ.

ಆಮೇಲೆ ಆಕೆ ಯಾರ ಹೆಣದ ಮುಂದೆಯೂ ಕೂರಲಿಲ್ಲ. ಇತರ ಹೆಂಗಸರೂ ಬಾಯಿ ತೆರೆಯಲು ಹೆದರಿದರು. ಸಾವಿನ ಮನೆಗೆ ಸ್ಪೀಕರ್ ಬಂತು, ಅದರಲ್ಲಿ ಭಜನೆ ಬಂತು. ಮುಂದಿನ ಆರು ವರ್ಷಗಳಲ್ಲಿ ಗುಡೇಮಾರನಹಳ್ಳಿಯಿಂದ ಹೋದ ಒಂಬತ್ತು ಜನರನ್ನು ಯಾರೂ ಹಾಡಿ ಕಳಿಸಲಿಲ್ಲ.

ಎರಡು ಸಾವಿರದ ಇಪ್ಪತ್ತಮೂರರ ಮಾಘದಲ್ಲಿ ದೊಡ್ಡಲಕ್ಷ್ಮಮ್ಮ ಹಾಸಿಗೆ ಹಿಡಿದಳು. ಮಾಗಡಿಯ ಆಸ್ಪತ್ರೆಯಲ್ಲಿ ಐದು ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಎಂದರು. ಬಾಲರಾಜು ಬಂದು ತಲೆಯ ಬಳಿ ಕೂತ. ವಾರ್ಡಿನಲ್ಲಿ ಅವನ ಜೊತೆ ಫೋಟೊ ತೆಗೆಸಿಕೊಂಡಿದ್ದ ನರ್ಸೊಬ್ಬಳ ಮಾತನ್ನು ಹೇಳಿ ತಾಯಿಯನ್ನು ನಗಿಸಲು ನೋಡಿದ. ಆಕೆ ನಗಲಿಲ್ಲ.

“ನೂರಾರು ಜನಕ್ಕೆ ಅತ್ತಿವ್ನಿ. ನಂಗ್ಯಾರ್ಲಾ ಅಳೋರು?”

“ನಾನಿಲ್ವೇನವ್ವ. ನಾನೇ ಅಳ್ತೀನಿ.”

ಆಕೆ ಗೋಡೆಯ ಕಡೆ ಹೊರಳಿದಳು. “ನೀನ್ ಅತ್ರೆ ನಾನೂ ಚಪ್ಲಿ ಆಯ್ತೀನಿ. ಮುನಿಯಮ್ಮನ್ನ ಕರ್ಕಂಬಾ. ಅವ್ಳಿಗೆ ಬತ್ತದೆ. ಮಾತು ಕೊಡು.”

ಅವನು ಮಾತು ಕೊಟ್ಟ. ಸಾಯುವವರೆಗೆ ಆಕೆ ಅವನಿಂದ ಬೇರೇನನ್ನೂ ಕೇಳಲಿಲ್ಲ.

ಮೊದಲ ಸಲ ಹೋದಾಗ ಮುನಿಯಮ್ಮ ಹುರುಳಿ ಕೇರುತ್ತಿದ್ದಳು, ತಲೆ ಎತ್ತಲಿಲ್ಲ. ಎರಡನೆಯ ಸಲ, “ಯಾಕಪ್ಪ, ನಿನ್ ಟೀವಿಯೋರು ಬರಕ್ಕಿಲ್ಲಂತ? ಒಂದು ಜೊತೆ ಚಪ್ಲಿ ಕಳ್ಸು ಅನ್ನು,” ಎಂದು ಬಾಗಿಲು ಎಳೆದುಕೊಂಡಳು. ಮೂರನೆಯ ಸಲ ಅವನು ಹೋದದ್ದು ಬೆಳಗ್ಗೆ ಎಂಟು ಗಂಟೆಗೆ, ತಾಯಿಯ ಉಸಿರು ನಿಂತು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅಂಗಳದಲ್ಲಿ ಅವಳ ಕಾಲು ಹಿಡಿದ.

“ಚಿಕ್ಕವ್ವ, ಅವ್ವ ಹೋದ್ಲು. ನೀನು ಬರ್ಲೇಬೇಕು.”

ಮುನಿಯಮ್ಮ ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು.

“ನಾನ್ ಬಾಯ್ ಬಿಟ್ರೆ ಜನ ನಗ್ತರೆ. ನಿನ್ ದೆಸೆಯಿಂದ.”

“ನಗದಂಗೆ ನೋಡ್ಕತೀನಿ.”

“ಹೆಂಗೆ? ನಿನ್ ಮೂತಿ ನೋಡುದ್ರೇ ನಗ್ತರೆ. ನಿನ್ ತುಟಿ ಒಸಿ ಅಲುಗುದ್ರೆ ಸಾಕು.” ಅವಳು ಕಾಲು ಬಿಡಿಸಿಕೊಂಡಳು. “ಒಂದ್ ಕೆಲ್ಸ ಮಾಡು. ನೀನು ಅಳ್ಬಾರ್ದು. ಕಣ್ಣಲ್ಲಿ ಹನಿ ಬರ್ಬಾರ್ದು, ತುಟಿ ನಡುಗ್ಬಾರ್ದು. ಹೆಣ ಮಣ್ಣಾಗೋಗಂಟ ಕಲ್ಲಿನಂಗೆ ನಿಂತಿರು. ಹಂಗಾದ್ರೆ ಬತ್ತೀನಿ.”

“ಆಯ್ತು ಚಿಕ್ಕವ್ವ.”

“ದೇವ್ರಾಣೆ?”

“ಅವ್ವನಾಣೆ.”

ಹನ್ನೊಂದು ಗಂಟೆಗೆ ಶಾಮಿಯಾನದ ಕೆಳಗೆ ನಾನೂರಕ್ಕೂ ಹೆಚ್ಚು ಜನ ಸೇರಿದ್ದರು. ಅರ್ಧದಷ್ಟು ಜನ ದೊಡ್ಡಲಕ್ಷ್ಮಮ್ಮನನ್ನು ಒಮ್ಮೆಯೂ ಕಂಡವರಲ್ಲ. ‘ಗೋಳು ಬಾಲ’ ಸ್ವಂತ ತಾಯಿಗೆ ಹೇಗೆ ಅಳುತ್ತಾನೆಂದು ನೋಡಲು ಮಾಗಡಿಯಿಂದ ಬೈಕುಗಳಲ್ಲಿ ಬಂದವರು. ನರೇಂದ್ರ ದೊಡ್ಡ ಹಾರ ತಂದಿದ್ದ. ಚನ್ನಪಟ್ಟಣದಿಂದ ಬಂದಿದ್ದ ಶುಕೂರ್ ಗೆಳೆಯನ ಪಕ್ಕದಲ್ಲೇ ನಿಂತಿದ್ದ. ಬಾಲರಾಜು ಹೆಣದ ತಲೆಯ ಬಳಿ ಕೈಕಟ್ಟಿ ನಿಂತ. ಫೋನುಗಳೆಲ್ಲ ಅವನ ಮುಖದ ಕಡೆಗಿದ್ದವು.

ಮುನಿಯಮ್ಮ ಬಂದು ಕಾಲ ಬಳಿ ಕೂತಳು. ಒಂದು ಗಳಿಗೆ ಸುಮ್ಮನಿದ್ದು ಮೊದಲ ಸಾಲು ಎತ್ತಿದಳು. ಹುಡುಗರ ಗುಂಪಿನಲ್ಲಿ ಕಿಸಕ್ಕೆಂಬ ಸದ್ದಾಯಿತು. ನಾಲ್ಕಾರು ತಲೆಗಳು ಬಾಲರಾಜುವಿನ ಕಡೆ ತಿರುಗಿದವು: ಈಗ ತುಟಿ ಜೋಲುತ್ತದೆ, ಈಗ ಹುಬ್ಬು ಏರುತ್ತದೆ. ಯಾವುದೂ ಆಗಲಿಲ್ಲ. ಅವನು ಮುಚ್ಚಿದ ತುಟಿಗಳ ಹಿಂದೆ ನಾಲಿಗೆಯನ್ನು ಕಚ್ಚಿ ಹಿಡಿದಿದ್ದ; ಬಾಯಿ ತುಂಬ ರಕ್ತದ ರುಚಿಯಿತ್ತು. ಇಪ್ಪತ್ತಾರು ವರ್ಷ ಆ ಮುಖದಿಂದ ನಗು ತೆಗೆದ ಜನಕ್ಕೆ ಆ ದಿನ ಏನೂ ಸಿಗಲಿಲ್ಲ. ಕಿಸಕ್ಕೆಂದವರು ತಮ್ಮ ಸದ್ದಿಗೆ ತಾವೇ ನಾಚಿದರು. ಫೋನುಗಳು ಒಂದೊಂದಾಗಿ ಕೆಳಗಿಳಿದವು.

ಮುನಿಯಮ್ಮ ದೊಡ್ಡಲಕ್ಷ್ಮಮ್ಮನ ಬದುಕನ್ನು ಕರೆದಳು. ಬದುವಿನ ಮೇಲೆ ಇಟ್ಟ ಕುಡುಗೋಲನ್ನು, ಮೂರು ತಿಂಗಳಿಗೆ ಸತ್ತ ಮೊದಲ ಮಗುವನ್ನು, ಹಬ್ಬಕ್ಕೆ ಕೊಟ್ಟು ಕಳಿಸುತ್ತಿದ್ದ ಹೋಳಿಗೆಯನ್ನು, ಒಮ್ಮೆ ನೀರಿನ ಸರದಿಗಾಗಿ ತಮ್ಮಿಬ್ಬರ ನಡುವೆ ನಡೆದ ಜಡೆ ಜಗಳವನ್ನು. ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಆರು ವರ್ಷ ತಡೆದದ್ದು ಒಡೆದುಕೊಂಡು ಬಂತು. ರಾಧಾಮಣಿ ತಾಯಿಯ ಕಾಲಿಗೆ ಮುಖ ಒತ್ತಿ ಹೊರಳಾಡಿದಳು. ಕೊಟ್ಟ ಮಾತು ನಡೆಯಿತೆಂದು ಬಾಲರಾಜುವಿನ ಎದೆ ಹಗುರವಾಗುವಷ್ಟರಲ್ಲಿ ಮುನಿಯಮ್ಮ ತಲೆ ಎತ್ತಿ ಅವನ ಕಡೆ ತಿರುಗಿದಳು. ರಾಗ ಬದಲಾಗಲಿಲ್ಲ.

ನೂರು ಹೆಣಕ್ಕೆ ಅತ್ತ ಬಾಯಿಗೆ ಬೀಗ ಹಾಕ್ದೋನ್ ಯಾರವ್ವ,
ಹಾಲು ಕುಡಿದ ಬಾಯಲ್ಲೇನೆ ನಿನ್ನ ಅಳು ಕದ್ದೋನ್ ಯಾರವ್ವ.
ತಲೆದೆಸೇಲಿ ನಿಂತವ್ನೆ ನೋಡೇ, ಕಣ್ಣಲ್ಲಿ ಹನಿ ಇಲ್ಲ ನೋಡೇ,
ಕಾಸಿಗೆ ಅಳೋ ನಿನ್ನ ಮಗನಿಗೆ ಇವತ್ ಯಾರೂ ಕಾಸ್ ಕೊಟ್ಟಿಲ್ವೇನೆ.

ನಾನೂರು ಜನ ಅವನ ಕಣ್ಣು ನೋಡಿದರು. ಕಣ್ಣು ಒಣಗಿತ್ತು.

ತಾನು ಅಳದಿರುವುದು ಯಾರಿಗೆ ಕೊಟ್ಟ ಮಾತಿಗಾಗಿ ಎಂದು ಹೇಳುವಂತಿರಲಿಲ್ಲ, ದೂರಿಸಿಕೊಂಡವನು ಎದುರಾಡಬಾರದು. ಒಂದು ಹನಿ ಜಾರಿಸಿ ಸಾಲನ್ನು ಸುಳ್ಳು ಮಾಡುವಂತಿರಲಿಲ್ಲ, ತಾಯಿಯ ಆಣೆಯಿತ್ತು. ಮುನಿಯಮ್ಮ ಬೆಳಗ್ಗೆ ಅಂಗಳದಲ್ಲಿ ಅಷ್ಟು ಹೊತ್ತು ತನ್ನ ಮುಖ ನೋಡುತ್ತ ಈ ಸಾಲನ್ನೇ ಕಟ್ಟುತ್ತಿದ್ದಳೆಂದು ಅವನಿಗೆ ಆಗ ಹೊಳೆಯಿತು. ಅವನು ಕೇಳುವ ಬಲಗಿವಿಯನ್ನು ಅವಳ ಕಡೆ ತಿರುಗಿಸಿ ನಿಂತ. ಅವಳು ಆ ಸಾಲನ್ನು ಇನ್ನೂ ಎರಡು ಸಲ ಅತ್ತಳು. ಅದು ಒಳ್ಳೆಯ ಸಾಲು, ತಾಯಿ ಕೇಳಿದ್ದರೆ ಮೆಚ್ಚುತ್ತಿದ್ದಳು ಎಂದು ಅವನೊಳಗಿನ ನಟನಿಗೆ ಗೊತ್ತಾಗದೆ ಇರಲಿಲ್ಲ. ಆಮೇಲೆ ಮುನಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಅವನನ್ನು ನೋಡದೆ, ಮನೆಗೆ ಹೋದಳು. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ದೊಡ್ಡಲಕ್ಷ್ಮಮ್ಮನ ಜೀವ ಹೊಸ್ತಿಲು ದಾಟಿತು.

ಹೊಲದ ಬದಿಯ ಗುಂಡಿಯ ಹತ್ತಿರ ಹಾರೆ ಹಿಡಿದ ಇಬ್ಬರು ಅವನಿಗೆ ಕೇಳಿಸುವಂತೆಯೇ ಮಾತಾಡಿಕೊಂಡರು.

“ಹೆತ್ತೋಳು ಸತ್ತವ್ಳೆ, ಒಂದ್ ತೊಟ್ಟು ನೀರಿಲ್ವಲ್ಲೋ ಅವ್ನ ಕಣ್ಣಲ್ಲಿ.”

“ಕ್ಯಾಮ್ರಾ ಇದ್ದಿದ್ರೆ ಕೊಳ ತುಂಬುಸ್ತಿದ್ದ ಕಣ್ಲಾ.”

ಬಾಲರಾಜು ಮೂರು ಹಿಡಿ ಮಣ್ಣು ಹಾಕಿದ. ಗುಂಡಿ ಮುಚ್ಚಿತು. ಜನ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡು, ಹಿಂದಿರುಗಿ ನೋಡದೆ ಊರ ಕಡೆ ನಡೆದರು. ನರೇಂದ್ರ ಹೋಗುವಾಗ ಅವನ ಹೆಗಲು ತಟ್ಟಿ, “ಆ ಅಜ್ಜಿಯ ನಂಬರ್ ಇದ್ರೆ ಕಳಿಸಿ,” ಎಂದ.

ಉಳಿದವನು ಶುಕೂರ್ ಒಬ್ಬನೇ. ಅವನಿಗೆ ಬೆಳಗಿನ ಆಣೆಯ ವಿಷಯ ಗೊತ್ತಿತ್ತು. ದಾರಿ ಖಾಲಿಯಾಗುವವರೆಗೆ ಕಾದು, ಗೆಳೆಯನ ತೋಳು ಹಿಡಿದ.

“ಮಣ್ಣಾಯ್ತಲ್ಲ ಬಾಲಣ್ಣ. ಆಣೆ ಮುಗೀತು. ಈಗ ಅತ್ತುಬಿಡು. ಯಾರೂ ಇಲ್ಲ.”

ಬಾಲರಾಜು ಹೊಸ ಮಣ್ಣಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಮೊದಲು ಉಸಿರು ಸಿಕ್ಕಿಕೊಂಡಿತು, ಆಮೇಲೆ ಕೆಳದುಟಿ ಜೋತು ನಡುಗಿತು, ಹುಬ್ಬುಗಳು ನಡುವೆ ಮೇಲಕ್ಕೆದ್ದವು. ಅವನು ಅತ್ತ. ಮಾತಿಲ್ಲ, ರಾಗವಿಲ್ಲ. ತಾಯಿಯಂತೆ ಎಡಕ್ಕೆ ವಾಲಿದ್ದು ಅವನಿಗೆ ಗೊತ್ತಾಗಲಿಲ್ಲ. ಕಣ್ಣೀರಿನ ನಡುವೆ ಒಮ್ಮೆ ಪಕ್ಕಕ್ಕೆ ನೋಡಿದಾಗ ಶುಕೂರ್ ಬೆನ್ನು ತಿರುಗಿಸಿ ನಿಂತಿದ್ದ. ಅವನ ಹೆಗಲುಗಳು ಕುಲುಕುತ್ತಿದ್ದವು. ಇವನೂ ಅಳುತ್ತಿದ್ದಾನೆ ಎಂದುಕೊಂಡ ಬಾಲರಾಜು. ತನ್ನವನೆಂದು ಒಬ್ಬನಾದರೂ ಅಳುತ್ತಿದ್ದಾನಲ್ಲ ಎಂದು ಕೈ ಚಾಚಿ ಅವನ ಅಂಗಿ ಹಿಡಿದು ಎಳೆದ.

ಶುಕೂರ್ ತಿರುಗಿದ. ಎರಡೂ ಅಂಗೈಗಳನ್ನು ಬಾಯಿಗೆ ಬಲವಾಗಿ ಒತ್ತಿಕೊಂಡಿದ್ದ. ಬೆರಳ ಸಂದಿಯಿಂದ ಬರುತ್ತಿದ್ದುದು ನಗು.

“ಇಲ್ಲ ಬಾಲಣ್ಣ, ಅಲ್ಲಾನಾಣೆ, ನಾನು ನಗ್ತಾ ಇಲ್ಲ,” ಎಂದ ಶುಕೂರ್. ಅಷ್ಟು ಹೇಳಲು ಬಾಯಿಂದ ಕೈ ತೆಗೆಯಬೇಕಾಯಿತು. ತೆಗೆದದ್ದೇ ನಗು ಪೂರ್ತಿ ಹೊರಬಂತು. ಅವನು ತಡೆಯಲಾಗದೆ ತೆಂಗಿನ ಮರಕ್ಕೆ ಒರಗಿ, ಕಣ್ಣಲ್ಲಿ ನೀರು ಸುರಿಸಿಕೊಂಡು, ಗೆಳೆಯನ ಮುಖ ನೋಡಿ ನೋಡಿ ನಕ್ಕ.

ಬಾಲರಾಜು ಅವನ ನಗು ಮುಗಿಯುವವರೆಗೆ ಕಾದ. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ.